ಜೇನ್ ಆಸ್ಟಿನ್‌ಗೆ ಕೋರೆಹಲ್ಲು ಮೂಡಿದರೆ ತಪ್ಪೇನು?

ಮೈಕೆಲ್ ಥಾಮಸ್ ಫೋರ್ಡ್ ಬರೆದ ‘ಜೇನ್ ಬೈಟ್ಸ್ ಬ್ಯಾಕ್’ ಎಂಬ ಹಾಸ್ಯ ಕಾದಂಬರಿಯನ್ನು ಕಾಲೇಜು ಮಕ್ಕಳ ಕೈಗೆ ಕೊಡಬೇಕು ಎಂದು ನಾನು ಹೇಳಿದ್ದಕ್ಕೆ ಶಿವಮೊಗ್ಗದ ಗಾಂಧಿ ಬಜಾರಿನ ಕೆಲವು ಹಿರಿಯ ಓದುಗ ಮಿತ್ರರು ಸಿಟ್ಟಾಗಿದ್ದಾರೆ. ಜೇನ್ ಆಸ್ಟಿನ್ ಸತ್ತೇ ಇಲ್ಲ, ವ್ಯಾಂಪೈರ್ ಆಗಿ ಉಳಿದು ಇಂದಿನ ಅಮೆರಿಕದ ಸಣ್ಣ ಊರೊಂದರಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದಾಳೆ ಎಂಬುದು ಅದರ ಕಥೆ. ಮಿತ್ರರ ಆಕ್ಷೇಪಗಳು ಸಾಹಿತ್ಯದ ಮೇಲಿನ ಪ್ರೀತಿಯಿಂದಲೇ ಬಂದಂಥವು. ಆದರೆ ಅವು ನಿಲ್ಲುವಂಥವಲ್ಲ.

ದೊಡ್ಡ ಲೇಖಕಿಯನ್ನು ರಕ್ತಪಿಶಾಚಿ ಮಾಡುವುದು ಅವಮಾನ ಎಂಬುದು ಮೊದಲ ಮಾತು. ಆಕೆಗೆ ನಿಜವಾದ ಅವಮಾನ ಆದದ್ದು ಬದುಕಿದ್ದಾಗ. 1797ರಲ್ಲಿ ಆಕೆಯ ತಂದೆ ಲಂಡನ್ನಿನ ಪ್ರಕಾಶಕ ಕ್ಯಾಡೆಲ್‌ಗೆ ಪತ್ರ ಬರೆದು, ಕಾದಂಬರಿಯೊಂದರ ಹಸ್ತಪ್ರತಿ ಕಳಿಸಲೇ ಎಂದು ಕೇಳಿದರು. ಹಸ್ತಪ್ರತಿ ನೋಡುವ ಮಾತಿರಲಿ, ಮರುಟಪಾಲಿನಲ್ಲೇ ಬೇಡವೆಂಬ ಉತ್ತರ ಬಂತು. 1803ರಲ್ಲಿ ಕ್ರಾಸ್ಬಿ ಎಂಬ ಪ್ರಕಾಶಕ ಇನ್ನೊಂದು ಕಾದಂಬರಿಯನ್ನು 10 ಪೌಂಡಿಗೆ ಕೊಂಡು, ಅಚ್ಚು ಹಾಕದೆ ಇಟ್ಟುಕೊಂಡ. 1816ರಲ್ಲಿ ಅಣ್ಣ ಹೆನ್ರಿ ಅದೇ 10 ಪೌಂಡ್ ತೆತ್ತು ಅದನ್ನು ಬಿಡಿಸಿಕೊಂಡು ಬಂದ. 1811ರಲ್ಲಿ ಮೊದಲ ಪುಸ್ತಕ ಹೊರಬಂದಾಗ ಅದರ ಮೇಲಿದ್ದದ್ದು ‘ಒಬ್ಬ ಮಹಿಳೆಯಿಂದ’ ಎಂದಷ್ಟೇ. 1817ರಲ್ಲಿ, 41ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ತನ್ನ ಯಾವ ಪುಸ್ತಕದ ಮೇಲೂ ತನ್ನ ಹೆಸರು ಅಚ್ಚಾದದ್ದನ್ನು ಆಕೆ ಕಾಣಲಿಲ್ಲ.

ಈಗ ಫೋರ್ಡ್ ಮಾಡಿರುವುದನ್ನು ನೋಡಿ. ಅವರ ಜೇನ್ ಹೊಸ ಕಾದಂಬರಿ ಬರೆದಿದ್ದಾಳೆ. ಪ್ರಕಾಶಕರು ಅದನ್ನು ವಾಪಸು ಕಳಿಸುತ್ತಲೇ ಇದ್ದಾರೆ. ತನ್ನ ಹೆಸರನ್ನು ಮಾರಿಕೊಂಡು ಬೇರೆಯವರು ದುಡ್ಡು ಮಾಡುವುದನ್ನು ಆಕೆ ನೋಡಿಕೊಂಡಿರಬೇಕು, ‘ಅದು ನಾನೇ’ ಎನ್ನುವಂತಿಲ್ಲ. ಆಕೆಯನ್ನು ಕಚ್ಚಿದವನು ಕವಿ ಬೈರನ್. ಇದೂ ಗಾಳಿಯಿಂದ ಹಿಡಿದು ತಂದದ್ದಲ್ಲ. ಇಂಗ್ಲಿಷಿನಲ್ಲಿ ವ್ಯಾಂಪೈರ್ ಕಥೆಗಳಿಗೆ ದಾರಿ ಹಾಕಿಕೊಟ್ಟ ಕಥೆ 1819ರಲ್ಲಿ ಪ್ರಕಟವಾಯಿತು. ಬರೆದವನು ಬೈರನ್ನನ ವೈದ್ಯನಾಗಿದ್ದ ಪೊಲಿಡೋರಿ, ಅದರ ಪಿಶಾಚಿಗೆ ಮಾದರಿಯಾದವನು ಬೈರನ್, ಮೊದಲು ಅಚ್ಚಾದದ್ದೂ ಬೈರನ್ನನ ಹೆಸರಿನಲ್ಲೇ. ತಾನು ಬರೆದದ್ದಕ್ಕೂ ಹೆಸರು ಸಿಗದ ಹೆಣ್ಣು ಒಂದು ಕಡೆ, ತಾನು ಬರೆಯದ್ದಕ್ಕೂ ಹೆಸರು ಗಿಟ್ಟಿಸಿದ ಗಂಡು ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ಕಥೆಯೊಳಗೆ ತಂದು ನಿಲ್ಲಿಸಿದ ಕಾದಂಬರಿಯನ್ನು ಅವಮಾನ ಎನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ನಗಿಸುತ್ತಲೇ ಅದು ಆಕೆಯ ಪರವಾಗಿ ದೂರು ಕೊಡುತ್ತಿದೆ.

ರಕ್ತ, ಹೆಣ, ಪಿಶಾಚಿಗಳ ನಡುವೆ ನಗುವುದು ನಮ್ಮ ಪರಂಪರೆಯಲ್ಲ ಎನ್ನುತ್ತಾರೆ. ರನ್ನನ ‘ಗದಾಯುದ್ಧ’ ಓದಿದವರು ಹೀಗೆ ಹೇಳಬಾರದು. ಸಾವಿರ ವರ್ಷದ ಹಿಂದಿನ ಆ ಕಾವ್ಯದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗ ದಾಟಿ ಹೋಗುತ್ತಾನೆ. ಕಾಲಿಡಲು ಜಾಗವಿಲ್ಲದ ಹಾಗೆ ಹೆಣಗಳು, ಹರಿಯುವ ನೆತ್ತರು, ಅದನ್ನು ಕುಡಿದು ಸೊಕ್ಕಿದ ಮರುಳುಗಳು. ಅವುಗಳಲ್ಲಿ ಒಂದು, ಅರಸನನ್ನು ತಡೆದು, ಹುಚ್ಚರು ನಾವೋ ನೀನೋ ಎಂದು ಗೇಲಿ ಮಾಡುತ್ತದೆ. ವ್ಯಾಸರ ಪಾತ್ರವನ್ನು ನೆತ್ತರು ಕುಡಿಯುವ ಪಿಶಾಚಿಯ ಎದುರಿಗೆ ನಿಲ್ಲಿಸಿ ಹಾಸ್ಯ ಮಾಡಿದವನು ನಮ್ಮ ಶಕ್ತಿಕವಿ ರನ್ನ. ಯಕ್ಷಗಾನದ ಶೂರ್ಪನಖಿಯನ್ನು ನೋಡಿ: ಆರ್ಭಟಿಸುತ್ತ ಬಂದವಳು ರಾಮನ ಮುಂದೆ ನಾಚಿ ಬಳುಕಿದರೆ ಇಡೀ ಸಭೆ ನಗುತ್ತದೆ. ಅಂಜಿಕೆ ಮತ್ತು ಸಲಿಗೆ ಜೊತೆಯಾಗಿರುವುದನ್ನು ಗಾಂಧಿ ಬಜಾರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಅಮ್ಮ ಮೊದಲ ದಿನ ಬಂದು ಕೂರುವುದು ಇದೇ ಬೀದಿಯ ತವರುಮನೆಯಲ್ಲಿ. ಹೆಂಗಸರು ಸಾಲುಗಟ್ಟಿ ನಿಂತು ಮಡಿಲಕ್ಕಿ ತುಂಬುತ್ತಾರೆ, ಆಮೇಲೆ ಅವಳು ಕೋಟೆಯ ಗದ್ದುಗೆಗೆ ಹೊರಡುತ್ತಾಳೆ. ದೇವಿಯನ್ನು ನಾನು ಕಾದಂಬರಿಯ ಪಿಶಾಚಿಗೆ ಹೋಲಿಸುತ್ತಿಲ್ಲ. ಹೆಸರು ಕೇಳಿದರೆ ನಡುಗುವ ಶಕ್ತಿಯನ್ನೂ ಮನೆಮಗಳೆಂದು ಕರೆಯುವ ಎದೆ ನಮ್ಮ ಜನಕ್ಕಿದೆ ಎನ್ನುತ್ತಿದ್ದೇನೆ.

ಮೂರನೆಯದು, ಅಭಿಜಾತ ಕೃತಿಯನ್ನು ಮುಟ್ಟಬಾರದು ಎಂಬ ವಾದ. ಇದು ನಮ್ಮಲ್ಲೇ ಒಮ್ಮೆ ನಡೆದು ಮುಗಿದ ಜಗಳ. 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ಬರೆದು ರಾಮಾಯಣದ ಶಂಬೂಕನ ಕಥೆಯನ್ನು ಬದಲಿಸಿದಾಗ ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಇಂದು ‘ಶೂದ್ರ ತಪಸ್ವಿ’ ಓದಿದ್ದಕ್ಕೆ ವಾಲ್ಮೀಕಿಯನ್ನು ಬಿಟ್ಟವರು ಯಾರೂ ಇಲ್ಲ. ಅದಕ್ಕೂ ಮೊದಲೇ ‘ರಕ್ತಾಕ್ಷಿ’ಯಲ್ಲಿ ಅವರು ಷೇಕ್ಸ್‌ಪಿಯರನ ಹ್ಯಾಮ್ಲೆಟ್‌ನನ್ನು ನಮ್ಮ ಜಿಲ್ಲೆಯ ಬಿದನೂರಿಗೇ ಕರೆತಂದು ಕೆಳದಿಯ ಅರಸುಮನೆಯವನನ್ನಾಗಿ ಮಾಡಿದ್ದರು. ಡೆನ್ಮಾರ್ಕಿನ ರಾಜಕುಮಾರ ಹೊಸನಗರ ತಾಲ್ಲೂಕಿಗೆ ಬರಬಹುದಾದರೆ ಇಂಗ್ಲೆಂಡಿನ ಲೇಖಕಿ ಅಮೆರಿಕದಲ್ಲಿ ಅಂಗಡಿ ಇಡಬಾರದೇಕೆ?

ಇದೆಲ್ಲ ಮಾರುಕಟ್ಟೆಯ ಗಿಮಿಕ್ ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. 2009ರಲ್ಲಿ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್ ಆ್ಯಂಡ್ ಝಾಂಬೀಸ್’ ಗೆದ್ದ ಮೇಲೆ ಹಿಂದೆಯೇ ಸಾಲುಸಾಲು ಪುಸ್ತಕಗಳು ಬಂದವು, ಹಲವು ಜೊಳ್ಳು. ಜೊಳ್ಳನ್ನು ತೂರಬೇಕು, ಅದಕ್ಕಾಗಿ ಕಾಳನ್ನೂ ಚೆಲ್ಲಬೇಡಿ.

ಮಕ್ಕಳು ಮೂಲವನ್ನೇ ಓದದೆ ಹೋಗುತ್ತಾರೆ ಎಂಬ ಭಯಕ್ಕೆ ಜೇನ್ ಆಸ್ಟಿನ್ನೇ ಉತ್ತರ ಕೊಟ್ಟಿದ್ದಾಳೆ. ಕ್ರಾಸ್ಬಿ ಅಚ್ಚು ಹಾಕದೆ ಇಟ್ಟುಕೊಂಡಿದ್ದ ಕಾದಂಬರಿ, ಆಕೆ ಸತ್ತ ಮೇಲೆ ‘ನಾರ್ಥ್ಯಾಂಗರ್ ಆ್ಯಬಿ’ ಎಂದು ಪ್ರಕಟವಾಯಿತು. ಅದರ ನಾಯಕಿ ಆ್ಯನ್ ರ‍್ಯಾಡ್‌ಕ್ಲಿಫ್ ಬರೆದ ಭಯಾನಕ ಕಾದಂಬರಿಯ ಹುಚ್ಚು ಹಿಡಿಸಿಕೊಂಡ ಹುಡುಗಿ. ಆ ಬಗೆಯ ಕಥೆಗಳನ್ನು ಓದಿ, ಮೆಚ್ಚಿ, ಗೇಲಿಯನ್ನೂ ಮಾಡಿದವಳು ಆಸ್ಟಿನ್. ಆ ಗೇಲಿಯಿಂದ ರ‍್ಯಾಡ್‌ಕ್ಲಿಫ್‌ಳ ಹೆಸರು ಅಳಿಯಲಿಲ್ಲ.

ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ‘ನಾರ್ಥ್ಯಾಂಗರ್ ಆ್ಯಬಿ’ಯನ್ನೂ ಫೋರ್ಡರ ಪುಸ್ತಕವನ್ನೂ ಜೊತೆಗಿಟ್ಟುಕೊಂಡು ಓದಿ, ಆಮೇಲೆ ವಾದಕ್ಕೆ ಬನ್ನಿ. ಬರೆಯುವ ತರುಣರೇ, ನೀವು ನಮ್ಮ ಹಳೆಯ ಕವಯಿತ್ರಿ ಸಂಚಿ ಹೊನ್ನಮ್ಮನನ್ನು ಇವತ್ತಿನ ಶಿವಮೊಗ್ಗಕ್ಕೆ ಕರೆತನ್ನಿ.