ಆಟಗಾರ ಮಕ್ಕಳಿಗೆ ಯಾವ ಕಾಲೇಜು?

ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ಬೆಳಗಾವಿಯ ಕಾಲೇಜುಗಳ ಮುಂದೆ ಪಾಲಕರ ಸಾಲು ನಿಲ್ಲುತ್ತದೆ. ಅದರಲ್ಲಿ ವಡಗಾವಿಯ ಮಗ್ಗದವರಿರುತ್ತಾರೆ, ಉದ್ಯಮಬಾಗದ ಕಾರ್ಖಾನೆಯವರಿರುತ್ತಾರೆ, ಖಾನಾಪುರ ಪೇಟೆಯ ಕಿರಾಣಿ ವ್ಯಾಪಾರಸ್ಥರಿರುತ್ತಾರೆ. ಕೆಲವರ ಮಕ್ಕಳು ಕಬಡ್ಡಿ, ಖೋಖೋ, ಕುಸ್ತಿ, ಓಟಗಳಲ್ಲಿ ಜಿಲ್ಲೆಯ ಮಟ್ಟಕ್ಕೆ ಬಂದವರು. ಇಂಥ ಮಕ್ಕಳನ್ನು ಎಲ್ಲಿ ಸೇರಿಸಬೇಕು ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕಾಲೇಜಿನ ಹೆಸರಿಗೆ ಮರುಳಾಗಬೇಡಿರಿ. 1933ರಲ್ಲಿ ಹುಟ್ಟಿದ ಲಿಂಗರಾಜ ಕಾಲೇಜಿನಂಥ ಹಳೆಯ ಸಂಸ್ಥೆಗಳ ಗೌರವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಾಜಿನ ಕಪಾಟಿನಲ್ಲಿಟ್ಟ ಕಪ್ಪುಗಳು ಗೆದ್ದವರ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಆ ಕಪ್ಪು ತಂದ ಹುಡುಗರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಕೇಳಿರಿ.

ಇನ್ನೊಂದು ಸಂಗತಿ ಪಾಲಕರಿಗೆ ತಿಳಿದಿರಬೇಕು. ಬೆಳಗಾವಿ ನಗರದ ಮತ್ತು ಖಾನಾಪುರದ ಪದವಿ ಕಾಲೇಜುಗಳು ಬಹುತೇಕ 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೇ ಸೇರಿವೆ. ವಿಶ್ವವಿದ್ಯಾಲಯದ ತಂಡ ಒಂದೇ. ಖಾನಾಪುರದಲ್ಲಿ ಓದಿದವನಿಗೂ ಅದರಲ್ಲಿ ಹಕ್ಕುಂಟು. ಎಂಜಿನಿಯರಿಂಗ್ ಸೇರಿದರೆ ಮಾತ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ತಂಡ, ಅದು ಬೇರೆ. ಆದ್ದರಿಂದ ಆಟಕ್ಕಾಗಿಯೇ ಸಾಲ ಮಾಡಿ ನಗರದ ದುಬಾರಿ ಕಾಲೇಜಿಗೆ ಓಡುವ ಮೊದಲು ವಿಚಾರ ಮಾಡಿರಿ.

ಹಾಗಾದರೆ ನೋಡಬೇಕಾದದ್ದೇನು? ಮೊದಲನೆಯದು, ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ತುಂಬಿದೆಯೇ? ಅವರು ನಸುಕಿನಲ್ಲಿ ಮೈದಾನಕ್ಕೆ ಬರುತ್ತಾರೆಯೇ, ಇಲ್ಲವೇ ಪಂದ್ಯದ ವಾರದಲ್ಲಷ್ಟೇ ಕಾಣುತ್ತಾರೆಯೇ? ಎರಡನೆಯದು, ಪಂದ್ಯಕ್ಕೆ ಪರಊರಿಗೆ ಹೋದ ದಿನಗಳ ಹಾಜರಿ ಕೊಡುತ್ತಾರೆಯೇ, ತಪ್ಪಿದ ಪರೀಕ್ಷೆಯನ್ನು ಮತ್ತೆ ನಡೆಸುತ್ತಾರೆಯೇ? ಮೂರನೆಯದು, ಊಟ. ಬಣ್ಣದ ಅಂಗಿ ಕೊಟ್ಟು ಹಾಲು ಮೊಟ್ಟೆ ಕೊಡದಿದ್ದರೆ ಅದು ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂಬ ಮಾತಾಯಿತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಮೊಣಕಾಲು ಮುರಿದರೆ ಖರ್ಚು ಯಾರದು? ಆಡಲಾಗದ ವರ್ಷ ಶುಲ್ಕಮಾಫಿ ಉಳಿಯುತ್ತದೆಯೇ? ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವನಿಗೆ ಪರಿಹಾರ ಕೊಡಿಸುವ ಕಾಯಿದೆ 1923ರಲ್ಲಿಯೇ ಬಂತು. ಕಾಲೇಜಿನ ಹೆಸರಿಗಾಗಿ ಆಡಿ ಕಾಲು ಮುರಿದುಕೊಂಡ ವಿದ್ಯಾರ್ಥಿ ಆ ಕಾಯಿದೆಯ ಲೆಕ್ಕಕ್ಕೆ ಬರಲಿಲ್ಲ. ಆದ್ದರಿಂದ ಕಾಲೇಜಿನವರು ಕೊಡುವ ಮಾತನ್ನು ಬರಹದಲ್ಲಿ ಪಡೆಯಿರಿ. ಮಾಲೀಕನ ಬಾಯಿಮಾತು ನಂಬಿ ಬೋನಸ್ಸು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಾನಾಪುರದ ಹಳ್ಳಿಗಳ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೇಟಿನ ಖರ್ಚಿಲ್ಲ, ಒಳ್ಳೆಯದೇ ಆಯಿತು. ಆದರೆ ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಜಾಂಬೋಟಿ, ಕಣಕುಂಬಿಯ ಕಾಡಂಚಿನ ಹುಡುಗಿ ಬೆಳಿಗ್ಗೆ ಆರಕ್ಕೆ ನಗರದ ಮೈದಾನದಲ್ಲಿ ನಿಲ್ಲುವುದು ಹೇಗೆ? ಸಂಜೆಯ ಅಭ್ಯಾಸ ಮುಗಿಸಿ ಕತ್ತಲಲ್ಲಿ ಊರು ಮುಟ್ಟುವುದು ಹೇಗೆ? ವಸತಿಗೃಹವಿಲ್ಲದ ಕಾಲೇಜು ಎಷ್ಟೇ ದೊಡ್ಡದಿರಲಿ, ಆಕೆಗೆ ಅದು ಕಾಲೇಜೇ ಅಲ್ಲ. ಮನೆಯವರು ಆಟ ಬಿಡಿಸುತ್ತಾರೆ. ಆಮೇಲೆ ಓದನ್ನೂ ಬಿಡಿಸುತ್ತಾರೆ.

ಬಡವರ ಮಕ್ಕಳಲ್ಲಿ ಶಕ್ತಿಯಿಲ್ಲ ಎಂದವರಾರು? 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ಆದರೆ ಅವರು ಅಲ್ಲಿಗೆ ಹೋದದ್ದು ಪುಣೆಯ ಆಟದ ಕೂಟದಲ್ಲಿ ಸರ್ ದೊರಾಬ್ಜಿ ಟಾಟಾರ ಕಣ್ಣಿಗೆ ಓಟಗಾರರು ಬಿದ್ದದ್ದರಿಂದ. ಶ್ರೀಮಂತನ ಕಣ್ಣು ಅತ್ತ ತಿರುಗದಿದ್ದರೆ? ಇದಕ್ಕೆ ಎದುರಾಗಿ ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ ಅವರನ್ನು ನೋಡಿರಿ. ಬೆಳಗಾವಿಯಲ್ಲಿ ಸರ್ಕಾರದ ಕ್ರೀಡಾ ಇಲಾಖೆ ನಡೆಸುವ ಜೂಡೋ ತರಬೇತಿಯಲ್ಲಿ ಪಳಗಿ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಮೊದಲನೆಯದರಲ್ಲಿ ಧಣಿಯ ದಯೆ ಇತ್ತು, ಎರಡನೆಯದರಲ್ಲಿ ಸಾರ್ವಜನಿಕರ ಹಣದಿಂದ ನಡೆಯುವ ವ್ಯವಸ್ಥೆ ಇತ್ತು. ನಮಗೆ ಬೇಕಾದದ್ದು ಎರಡನೆಯದು.

ಸರಿಯಾದ ಕಾಲೇಜನ್ನು ಆರಿಸಿರಿ ಎಂದು ಉಪದೇಶಿಸುವುದು ಸುಲಭ. ಕೈಯಲ್ಲಿ ಹಣವಿದ್ದವನಿಗೆ ಆಯ್ಕೆಯುಂಟು, ವಾರದ ಪಗಾರದವನಿಗೆ ಎಲ್ಲಿಯದು? ಆದ್ದರಿಂದ ಆರಿಸುವುದರ ಜೊತೆಗೆ ಕೇಳುವುದನ್ನೂ ಕಲಿಯಬೇಕು. ಸರ್ಕಾರಿ ಕಾಲೇಜುಗಳಲ್ಲಿ ಖಾಲಿಯಿರುವ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗಳನ್ನು ತುಂಬಬೇಕು. ಖಾನಾಪುರದಲ್ಲಿ ಆಟಗಾರ ಹೆಣ್ಣುಮಕ್ಕಳಿಗೆ ಊಟದೊಂದಿಗೆ ವಸತಿಗೃಹವಾಗಬೇಕು. ಕಾಲೇಜಿಗಾಗಿ ಆಡುವ ಪ್ರತಿ ವಿದ್ಯಾರ್ಥಿಗೂ ಅಪಘಾತ ವಿಮೆ ಮಾಡಿಸಬೇಕು. ಇವುಗಳಿಗಾಗಿ ಕಾರ್ಮಿಕ ಸಂಘಗಳೂ ವ್ಯಾಪಾರಸ್ಥರ ಸಂಘಗಳೂ ಒಂದೇ ಅರ್ಜಿಗೆ ರುಜು ಹಾಕಿ ಜಿಲ್ಲಾಧಿಕಾರಿಗಳ ಕಚೇರಿಗೆ ಒಟ್ಟಾಗಿ ನಡೆಯಲಿ. ಮಕ್ಕಳ ಹೆಸರು ಹಚ್ಚುವ ಈ ದಿನಗಳೇ ಅದಕ್ಕೆ ತಕ್ಕ ಸಮಯ.