ಜಾಕಿ ಚಾನ್ ಕನ್ನಡ ಮಾತಾಡಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?

ಮೊನ್ನೆ ಶನಿವಾರ ತಿಪಟೂರಿಂದ ಅಮ್ಮ ಬಂದಿದ್ಲು. ವೈಟ್‌ಫೀಲ್ಡಲ್ಲಿ ಅಮ್ಮನನ್ನ ಎಲ್ಲಿಗೆ ಅಂತ ಕರ್ಕೊಂಡು ಹೋಗೋದು ಹೇಳಿ? ಹೋಪ್‌ಫಾರ್ಮ್ ಸಿಗ್ನಲ್ ತೋರಿಸಿದ್ದಾಯ್ತು, ಐಟಿಪಿಎಲ್ ಗೇಟು ತೋರಿಸಿದ್ದಾಯ್ತು, ಮೆಟ್ರೋದಲ್ಲಿ ಕೆ.ಆರ್. ಪುರಕ್ಕೆ ಹೋಗಿ ಸುಮ್ಮನೆ ವಾಪಸ್ ಬಂದಿದ್ದೂ ಆಯ್ತು :-) ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪಲ್ಲಿ ‘ರಂಬಲ್ ಇನ್ ದ ಬ್ರಾಂಕ್ಸ್’ ಹಾಕಿದೆ. 1995ರ ಜಾಕಿ ಚಾನ್ ಸಿನಿಮಾ.

ನಾನು ಐದನೇ ಕ್ಲಾಸಲ್ಲಿದ್ದಾಗ ಬಾಡಿಗೆ ಸಿಡಿ ತಂದು ಇದನ್ನ ಮನೆಮಂದಿಯೆಲ್ಲ ನೋಡಿದ್ವಿ. ಇಂಗ್ಲಿಷು. ಹೊಡೆದಾಟ ಬಂದಾಗ ಅಮ್ಮ ಹೊಟ್ಟೆ ಹಿಡ್ಕೊಂಡು ನಗೋಳು. ಮಾತು ಶುರುವಾದ ತಕ್ಷಣ “ಏನಂದ್ನೋ?” ಅಂತ ನನ್ನ ತಿವಿಯೋಳು. ನನಗೆಲ್ಲಿ ಅರ್ಥ ಆಗ್ಬೇಕು? ಬಾಯಿಗೆ ಬಂದ ಕಥೆ ಕಟ್ಟಿ ಹೇಳ್ತಿದ್ದೆ.

ಈಗ ನೋಡಿದ್ರೆ ಕಥೆ ಅಂತೂ ಬಲು ಪೇಲವ ಕಣ್ರೀ. ಹಾಂಗ್‌ಕಾಂಗಿನ ಹುಡುಗ ಚಿಕ್ಕಪ್ಪನ ಮದುವೆಗೆ ನ್ಯೂಯಾರ್ಕಿಗೆ ಬರ್ತಾನೆ, ಪುಂಡರ ಜೊತೆ ಜಗಳಕ್ಕೆ ಬೀಳ್ತಾನೆ. ಶೂಟಿಂಗ್ ಆಗಿದ್ದು ಕೆನಡಾದ ವ್ಯಾಂಕೂವರಲ್ಲಿ, ಅದಕ್ಕೇ ಬ್ರಾಂಕ್ಸ್ ಹಿಂದೆ ಬೆಟ್ಟಗಳು ಕಾಣಿಸ್ತವೆ! ಆದ್ರೆ ಪುಂಡರ ಅಡ್ಡೆಯಲ್ಲಿ ಫ್ರಿಜ್ಜು ಗಿಜ್ಜು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಬಡಿದಾಡೋ ದೃಶ್ಯ ಇದೆಯಲ್ಲ, ಅದಕ್ಕೆ ಇವತ್ತಿಗೂ ವಯಸ್ಸಾಗಿಲ್ಲ. ಹೋವರ್‌ಕ್ರಾಫ್ಟ್ ಮೇಲೆ ಹಾರಿ ಪಾದದ ಕೀಲು ಮುರ್ಕೊಂಡ ಆಸಾಮಿ, ಪ್ಲಾಸ್ಟರ್ ಮೇಲೆ ಶೂ ಥರ ಬಣ್ಣ ಬಳಿದ ಕಾಲುಚೀಲ ಹಾಕ್ಕೊಂಡು ಶೂಟಿಂಗ್ ಮುಂದುವರಿಸಿದ. ಗ್ರಾಫಿಕ್ಸ್ ನಂಬಿ ಕೈಕಾಲು ಆಡಿಸೋ ನಮ್ಮ ಹೀರೋಗಳು ಕೊನೇಲಿ ಬರೋ ಆ ತುಣುಕುಗಳನ್ನ ಒಮ್ಮೆ ನೋಡ್ಲಿ.

ಸರಿ, ಭಾಷೆಯ ಪಟ್ಟಿ ತೆಗೆದೆ. ಹಿಂದಿ ಇದೆ, ತಮಿಳಿದೆ, ತೆಲುಗಿದೆ. ಕನ್ನಡ? ಊಹೂಂ.

ನನ್ನ ಪಿತ್ತ ನೆತ್ತಿಗೇರಿದ್ದು ಇಲ್ಲಿ. “ಡಬ್ಬಿಂಗ್ ಬಂದ್ರೆ ಕನ್ನಡ ಚಿತ್ರರಂಗ ಸತ್ತೇ ಹೋಗುತ್ತೆ” ಅಂತ ದಶಕಗಟ್ಟಲೆ ಹೇಳ್ಕೊಂಡು ಬಂದ್ರಲ್ಲ, 60ರ ದಶಕದಲ್ಲಿ ಅದಕ್ಕೊಂದು ಅರ್ಥ ಇತ್ತು. ಚಿತ್ರಗಳೇ ಕಮ್ಮಿ, ಸ್ಟುಡಿಯೋಗೆ ಮದ್ರಾಸಿಗೆ ಓಡ್ಬೇಕು. ಅನಕೃ, ರಾಜ್‌ಕುಮಾರ್ ಅಂಥವರು ದನಿ ಎತ್ತಿದ್ದು ನ್ಯಾಯವೇ. ಆದ್ರೆ 1995 ಅಂದ್ರೆ ‘ಓಂ’ ಬಂದ ವರ್ಷ ಸ್ವಾಮಿ! ‘ಓಂ’ ಮಾಡೋ ತಾಕತ್ತಿದ್ದ ಉದ್ಯಮ ಜಾಕಿ ಚಾನ್ ಬಾಯಲ್ಲಿ ನಾಲ್ಕು ಮಾತು ಕನ್ನಡ ಬಂದ್ರೆ ಸಾಯ್ತಿತ್ತಾ? ಉಳಿದದ್ದು ಏನಪ್ಪಾ ಅಂದ್ರೆ, ಒಂದು ತಲೆಮಾರಿನ ಮಕ್ಕಳು ಜಾಕಿಗೋಸ್ಕರ ಹಿಂದಿ, ತೆಲುಗು ಕಲಿತ್ರು. ಅಮ್ಮನಂಥವರು ಸುಮ್ಮನೆ ಕೂತ್ರು.

ತಮಾಷೆ ಗೊತ್ತಾ? ಈ ಸಿನಿಮಾ 1996ರಲ್ಲಿ ಅಮೆರಿಕದ ಥಿಯೇಟರಿಗೆ ಹೋಗಿದ್ದೂ ಇಂಗ್ಲಿಷಿಗೆ ಡಬ್ ಆಗಿಯೇ. ಅದೂ ಬಿಡಿ, ಎವಿಎಂನವರ ನಮ್ಮ ಕನ್ನಡದ ‘ಸತ್ಯ ಹರಿಶ್ಚಂದ್ರ’ 1944ರಲ್ಲೇ ತಮಿಳಿಗೆ ಡಬ್ ಆಗಿತ್ತು. ‘ಕೆಜಿಎಫ್’, ‘ಕಾಂತಾರ’ ಐದು ಭಾಷೇಲಿ ಓಡಿದಾಗ ಎದೆ ಉಬ್ಬಿಸ್ತೀವಿ. ಹೊರಗೆ ಹೋದ್ರೆ ಹೆಮ್ಮೆ, ಒಳಗೆ ಬಂದ್ರೆ ದಾಳಿಯಾ?

ಕಾನೂನಂತೂ ಯಾವತ್ತೂ ಇರ್ಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿಗೆ ದಂಡ ಹಾಕ್ತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಬಂತು. ಆಮೇಲೆ ಒಂದಷ್ಟು ಬಂದವು. ಆದ್ರೆ ನಮ್ಮ ಕಡೆಯವರಿಗೂ ಒಂದು ಮಾತು: ಪುಂಡ ಪೋಕರಿ ಬಾಯಲ್ಲಿ “ನಾನು ನಿನ್ನನ್ನು ಬಿಡುವುದಿಲ್ಲ” ಅನ್ನಿಸಿದ್ರೆ ಯಾವನು ನೋಡ್ತಾನೆ? “ಬಿಡಲ್ಲ ಕಣ್ಲಾ” ಅನ್ನಿಸ್ರಪ್ಪಾ. ಕನ್ನಡ ಶೋ ಒಂದಿದ್ರೂ ಅದು ಬೆಳಗ್ಗೆ ಒಂಬತ್ತಕ್ಕೆ, ಆಮೇಲೆ “ನೋಡಿ, ಕನ್ನಡದಲ್ಲಿ ಜನ ಬರಲ್ಲ” ಅಂತ ಷರಾ.

ಅಷ್ಟರಲ್ಲಿ ಅಮ್ಮ ತಿವಿದ್ಲು. “ಏನಂದ್ನೋ?”

ಈಗ ಇಂಗ್ಲಿಷ್ ಅರ್ಥ ಆಗುತ್ತೆ ನೋಡಿ, ಜಾಕಿ ಅಂದಿದ್ದನ್ನ ಹಾಗೇ ಕನ್ನಡದಲ್ಲಿ ಹೇಳಿದೆ.

“ಅಷ್ಟೇನಾ? ಅವಾಗ ನೀನು ಇನ್ನೂ ಚೆನ್ನಾಗಿ ಹೇಳಿದ್ದೆ” ಅಂದ್ಲು.