ಪಡಸಾಲೆ ಮೂಲೆಗೆ ಗುಲಾಬಿ ಬೇಡ, ‘ಆಕ್ಸಿಜನ್ ಗಿಡ’ದ ಮಾತೂ ಬೇಡ

ಗಾಡಿಯಲ್ಲಿ ಗಿಡ ಮಾರುವವರು ಈಗ ಕೊಪ್ಪಳ, ಗಂಗಾವತಿ ಪೇಟೆ ದಾಟಿ ಹಳ್ಳಿ ಓಣಿಗೂ ಬರುತ್ತಿದ್ದಾರೆ. ಹೂ ಬಿಟ್ಟ ಗುಲಾಬಿ ಕಂಡರೆ ಯಾರಿಗೆ ಆಸೆ ಆಗುವುದಿಲ್ಲ? ತಂದು ಪಡಸಾಲೆ ಮೂಲೆಯಲ್ಲಿ ಇಡುತ್ತೇವೆ. ಕೆಲವೇ ವಾರದಲ್ಲಿ ಎಲೆ ಉದುರಿ ಕಡ್ಡಿ ಉಳಿಯುತ್ತದೆ. ‘ನನ್ನ ಕೈಗುಣಾನೇ ಸರಿ ಇಲ್ಲ’ ಎಂದು ಅವ್ವ ಬೇಸರ ಮಾಡಿಕೊಳ್ಳುತ್ತಾಳೆ. ತಪ್ಪು ಅವ್ವನ ಕೈಯದಲ್ಲ.

ನಮ್ಮ ಮಣ್ಣಿನ ಮಾಳಿಗೆ ಮನೆಗಳನ್ನು ಕಟ್ಟಿದ್ದೇ ಬಿಸಿಲನ್ನು ಹೊರಗಿಡಲು. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಅಂಥ ಕಡೆ ಗುಲಾಬಿ, ದಾಸವಾಳ, ತುಳಸಿ ಬಾಳುವುದಿಲ್ಲ, ಅವಕ್ಕೆ ಅಂಗಳವೇ ಸರಿ. ಒಳಗೆ ತಾಳಿಕೊಳ್ಳುವವು ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ನರ್ಸರಿಯವರು ಝೆಡ್‌ಝೆಡ್ ಎನ್ನುವ ಹೊಳೆಯುವ ಎಲೆಯ ಗಿಡ. ಹಗಲಲ್ಲಿ ಲೈಟ್ ಹಾಕದೆ ಪೇಪರ್ ಓದುವಷ್ಟು ಬೆಳಕಿದ್ದರೆ ಇವಕ್ಕೆ ಸಾಕು. ಅಷ್ಟೂ ಇಲ್ಲದಿದ್ದರೆ ಯಾವ ಗಿಡವನ್ನೂ ಇಡಬೇಡಿ.

ಮನಿ ಪ್ಲಾಂಟಿಗೆ ದುಡ್ಡು ಕೊಡುವುದೇ ದಂಡ. ಪಕ್ಕದ ಮನೆಯಿಂದ ಗೆಣ್ಣು ಇರುವ ಒಂದು ತುಂಡು ಬಳ್ಳಿ ತಂದು ನೀರಿನ ಬಾಟಲಿಯಲ್ಲಿಟ್ಟರೆ ಬೇರು ಬರುತ್ತದೆ. (ಕದ್ದು ತಂದರೇ ಚೆನ್ನಾಗಿ ಹಬ್ಬುತ್ತದೆ ಅನ್ನುತ್ತಾರೆ. ಕೇಳಿ ತಂದದ್ದೂ ಹಬ್ಬಿದ್ದನ್ನು ನಾವು ನೋಡಿದ್ದೇವೆ.)

ಈ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಕೊಳೆತು ಸಾಯುವುದೇ ಜಾಸ್ತಿ. ಹೊಲದ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಿದರೆ ನೀರು ಇಂಗುವುದಿಲ್ಲ. ಮಸಾರಿ ಮಣ್ಣಿಗೆ ಮರಳು ಬೆರೆಸಿ, ಕುಂಡದ ತಳಕ್ಕೆ ತೂತು ಇರಲಿ, ಬೆರಳು ಚುಚ್ಚಿ ಒಳಗೆ ಒಣಗಿದೆ ಅನಿಸಿದಾಗ ಮಾತ್ರ ನೀರು ಹಾಕಿ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇನ್ನೊಂದು ಮಾತು. ಫ್ಲೋರೈಡ್ ಇರುವ ಬೋರ್ ನೀರಿಗೆ ಸ್ಪೈಡರ್ ಪ್ಲಾಂಟ್ ಎಲೆಯ ತುದಿ ಸುಟ್ಟಂತಾಗುತ್ತದೆ. ಆ ಗಿಡಕ್ಕೆ ಮಳೆ ನೀರು ಹಿಡಿದಿಟ್ಟು ಹಾಕಿ, ಇಲ್ಲವೇ ಅದನ್ನು ಬಿಟ್ಟುಬಿಡಿ. ಮನಿ ಪ್ಲಾಂಟ್ ಎಲೆ ಅಗಿದರೆ ಬಾಯಿ ಉರಿಯುತ್ತದೆ, ಅಂಬೆಗಾಲಿಡುವ ಕೂಸು, ಮೇಕೆ ಮರಿ ಇರುವ ಮನೆಯಲ್ಲಿ ಎತ್ತರಕ್ಕೆ ತೂಗುಹಾಕಿ.

ನಮಗೆ ಸಿಟ್ಟು ಬರುವುದು ‘ಆಕ್ಸಿಜನ್ ಗಿಡ, ಮನೆ ಗಾಳಿ ಶುದ್ಧ ಮಾಡುತ್ತೆ’ ಎಂದು ಹೇಳಿ ಹೆಚ್ಚು ರೇಟು ಕೀಳುವುದಕ್ಕೆ. ಈ ಮಾತಿನ ಮೂಲ 1989ರ ನಾಸಾ ವರದಿ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ, ಅದೂ ಕೆಲವು ರಾಸಾಯನಿಕ ಆವಿಗಳ ಮೇಲೆ. ಇಂಥ ಪ್ರಯೋಗಗಳನ್ನೆಲ್ಲ ಅಮೆರಿಕದ ಇಬ್ಬರು ಸಂಶೋಧಕರು 2019ರಲ್ಲಿ ಮತ್ತೆ ಲೆಕ್ಕ ಹಾಕಿದರು. ಕಟ್ಟಡದೊಳಗೆ ಗಾಳಿ ಬಂದುಹೋಗುವುದರಿಂದ ಆಗುವಷ್ಟು ಶುದ್ಧಿ ಗಿಡದಿಂದ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಕಡಿಮೆ ಅಂದರೂ 10 ಗಿಡ ಬೇಕು. ಅಷ್ಟು ಗಿಡ ಇಟ್ಟರೆ ನಾವು ಮಲಗುವುದೆಲ್ಲಿ? ಒಲೆ ಹೊಗೆ ಕಾಡುವ ಮನೆಗೆ ಬೇಕಾದದ್ದು ಇನ್ನೊಂದು ಕಿಟಕಿ.

ಗಿಣಿಗೇರಿ, ಹಿರೇಬಗನಾಳ ಸುತ್ತ ಕಾರ್ಖಾನೆ ದೂಳಿನ ದೂರು ಹಳೆಯದು. ಅಲ್ಲಿನವರು ಮನಿ ಪ್ಲಾಂಟ್ ಇಟ್ಟರೆ ವಾರಕ್ಕೊಮ್ಮೆ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಇರುವ ಸ್ವಲ್ಪ ಬೆಳಕೂ ಎಲೆಗೆ ತಾಗುವುದಿಲ್ಲ. ಒರೆಸಿದ ಬಟ್ಟೆ ಕಪ್ಪಾದರೆ ಒಗೆಯಬೇಡಿ, ಮುಂದಿನ ಗ್ರಾಮಸಭೆಗೆ ಒಯ್ದು ತೋರಿಸಿ.